ಹೊಳೆ ದಾಟಿಸಿದವರಿಗೆ

ಅಮ್ಮನ ಚಿಕಿತ್ಸೆ ಮುಗಿದು, ಅವರು ಮೊನ್ನೆ ಸಾಗರದಿಂದ ಹೊರಟು ಶರಾವತಿ ಹಿನ್ನೀರಿನ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆಯ ಮೇಲೆ ಎಲ್ಲಿಯೂ ಕಾಯದೆ ಮನೆ ತಲುಪಿದರು. ಕಾಯಿಲೆಯ ವಿವರ ಆಪ್ತರಿಗೆಲ್ಲ ತಿಳಿದದ್ದೇ. ಕೊಟ್ಟಿಗೆ ನೋಡಿಕೊಂಡ ನೆರೆಮನೆಯವರಿಗೆ, ಶಿವಮೊಗ್ಗದಲ್ಲಿ ತಂಗಲು ಜಾಗ ಕೊಟ್ಟ ಬಂಧುಗಳಿಗೆ, ರಕ್ತ ಕೊಟ್ಟ ಗೆಳೆಯರಿಗೆ, ವೈದ್ಯರಿಗೆ, ದಾದಿಯರಿಗೆ ನಮ್ಮ ಕುಟುಂಬ ಋಣಿಯಾಗಿದೆ. ಆದರೆ ಈ ಬರಹ ಮುಖ್ಯವಾಗಿ, ಸೇತುವೆಯಿಲ್ಲದ ಆ ಮಳೆಗಾಲದ ರಾತ್ರಿ ನಮ್ಮನ್ನು ದಾಟಿಸಿದ ಲಾಂಚ್ ಚಾಲಕರಿಗಾಗಿ.

ಜಲವಿದ್ಯುತ್ತಿಗಾಗಿ ಕಟ್ಟಿದ ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಪೂರ್ಣಗೊಂಡು ಶರಾವತಿಯ ಹಿನ್ನೀರು ಹರಡಿದಾಗ ನಮ್ಮ ತುಮರಿ, ಬ್ಯಾಕೋಡು ಸೀಮೆ ತನ್ನ ತಾಲ್ಲೂಕು ಕೇಂದ್ರವಾದ ಸಾಗರದಿಂದ ಕಡಿದುಹೋಯಿತು. ಅದಕ್ಕೂ ಹಿಂದಿನ ಹಿರೇಭಾಸ್ಕರ ಅಣೆಕಟ್ಟೇ ಈ ನೀರಿನಲ್ಲಿ ಮುಳುಗಿರುವಾಗ ನಮ್ಮ ಅಜ್ಜನ ಗದ್ದೆಯ ಮಾತೇನು! ಬಸ್ಸು, ಅಡಿಕೆ ಹೇರಿದ ಜೀಪು, ಮದುವೆಯ ದಿಬ್ಬಣ, ಸಿಗಂದೂರು ದೇವಸ್ಥಾನಕ್ಕೆ ಹೋಗುವ ಭಕ್ತರು, ಎಲ್ಲರಿಗೂ ದಶಕಗಳ ಕಾಲ ಲಾಂಚೇ ತೇಲುವ ಸೇತುವೆಯಾಗಿತ್ತು. ಬೇಸಿಗೆಯಲ್ಲಿ ನೀರು ತೀರಾ ಇಳಿದರೆ ವಾಹನ ಹತ್ತಿಸುವುದು ನಿಲ್ಲುತ್ತಿತ್ತು. ಸಂಜೆಯ ಕೊನೆಯ ಟ್ರಿಪ್ ಮುಗಿದ ಮೇಲೆ ಉಳಿಯುತ್ತಿದ್ದುದು ಬಹುದೂರದ ಸುತ್ತುದಾರಿ ಮಾತ್ರ.

ಅಂದು ಆ ಟ್ರಿಪ್ ಮುಗಿದು ಬಹಳ ಹೊತ್ತಾಗಿತ್ತು. ಫೋನು ಮಾಡಿದಾಗ ಲಾಂಚ್ ಚಾಲಕರು ಕೇಳಿದ್ದು ಒಂದೇ, ಅಮ್ಮನನ್ನು ಕೂರಿಸಿ ತರಬಹುದೋ, ಮಲಗಿಸಿಯೇ ತರಬೇಕೋ ಎಂದು. ನಾವು ದಡಕ್ಕೆ ಬರುವಷ್ಟರಲ್ಲಿ ಸಹಾಯಕನನ್ನು ಎಬ್ಬಿಸಿ ತಂದು, ಎಂಜಿನ್ ಚಾಲೂ ಮಾಡಿ, ಟಾರ್ಪಾಲು ಬಿಗಿದು ಸಿದ್ಧವಾಗಿದ್ದರು.

ನಡುನೀರಿನಲ್ಲಿ ಅಮ್ಮನ ಉಸಿರು ನಿಂತಿತೆಂದೇ ನನಗೆ ಅನಿಸಿತು. ನಾನು ಆ ನೀರನ್ನು, ಅದಕ್ಕೆ ನೆಲ ಕೊಟ್ಟವರನ್ನು, ಕಿತ್ತುಕೊಂಡವರನ್ನು, ನಾಡಿಗೆಲ್ಲ ಹೋದ ವಿದ್ಯುತ್ತನ್ನು, ಬಾಯಿಗೆ ಬಂದಂತೆ ಬೈದೆ; ಅತ್ತುಬಿಟ್ಟೆ. ಚಾಲಕರು ಸಮಾಧಾನದ ಮಾತು ಹೇಳಲಿಲ್ಲ, ಬೈಯಲು ಬಿಟ್ಟು ಲಾಂಚ್ ನಡೆಸಿದರು. ಅವರ ಮನೆಯ ಜಮೀನೂ ಅದೇ ನೀರಿನಡಿ ಹೋಗಿದೆಯೆಂದು ಬೇರೆಯವರಿಂದ ಕೇಳಿದ್ದು ಎಷ್ಟೋ ದಿನಗಳ ಮೇಲೆ. ಆಚೆ ದಡಕ್ಕೆ ಆಂಬುಲೆನ್ಸ್ ಇನ್ನೂ ಬಂದಿರಲಿಲ್ಲ. ದಾಟಿಸಿದಲ್ಲಿಗೆ ಅವರ ಕೆಲಸ ಮುಗಿದಿತ್ತಾದರೂ ಹಿಂದಿರುಗದೆ, ಗಾಡಿಯ ದೀಪ ಕಾಣುವವರೆಗೂ ಅಮ್ಮನ ತಲೆಯ ಮೇಲೆ ಕೊಡೆ ಹಿಡಿದು ನಿಂತರು. ಆ ಹೊತ್ತಿನಲ್ಲಿ ನಾನು ಒಬ್ಬನೇ ಇದ್ದಿದ್ದರೆ ಏನಾಗುತ್ತಿದ್ದೆನೋ ಹೇಳಲಾರೆ.

2025ರ ಜುಲೈ 14ರಂದು ತೆರೆದ 2.44 ಕಿಲೋಮೀಟರ್ ಸೇತುವೆಗಾಗಿ ವರ್ಷಗಟ್ಟಲೆ ಹೋರಾಡಿದವರಿಗೂ, ಅದನ್ನು ಕಟ್ಟಿದ ಕಾರ್ಮಿಕರಿಗೂ ನಮ್ಮ ವಂದನೆಗಳು. ಆದರೆ ಲಾಂಚಿಗಾಗಿ ಕಾದ ಕಷ್ಟವನ್ನಷ್ಟೇ ನೆನೆದು, ಅದನ್ನು ನಡೆಸಿದವರನ್ನು ಮರೆಯುವುದು ನನಗೆ ಸರಿಕಾಣದು.

ಹೆಸರು ಬರೆಯಬೇಡಿ ಎಂದು ಅವರು ಹೇಳಿರುವುದರಿಂದ ಬರೆದಿಲ್ಲ. ಹಣ ಕೊಡಹೋದಾಗಲೂ ಬೇಡವೆಂದಿದ್ದರು. ಊಟಕ್ಕೆ ಮಾತ್ರ ಬೇಡವೆನ್ನುವಂತಿಲ್ಲ ಎಂದು ಅಮ್ಮ ಹೇಳಿಕಳಿಸಿದ್ದಾರೆ. ಬರುವ ಭಾನುವಾರ ಮನೆಯವರನ್ನೆಲ್ಲ ಕರೆದುಕೊಂಡು ಬರಬೇಕು.