ನೈರೋಬಿಗೆ ಹೊರಟಿರುವ ಅಳಿಯನಿಗೆ

ಉಡುಪಿ

ಚಿರಂಜೀವಿ ಅಳಿಯನಿಗೆ ನಿನ್ನ ಸೋದರಮಾವ ಮಾಡುವ ಆಶೀರ್ವಾದಗಳು. ಇಲ್ಲಿ ನಾವೆಲ್ಲರೂ ಕ್ಷೇಮ; ಮಂಗಳೂರಿನಲ್ಲಿ ನೀವೂ ಕ್ಷೇಮವಾಗಿರುವಿರೆಂದು ನಂಬಿದ್ದೇನೆ.

ಹೆಂಡತಿ, ಮಗು ಮತ್ತು ಅಮ್ಮನನ್ನು ಕರೆದುಕೊಂಡು ನೈರೋಬಿಯಲ್ಲಿರುವ ತಂಗಿಯ ಮನೆಗೆ ಹೋಗಿಬರುವ ಯೋಚನೆ ಮಾಡಿರುವೆಯೆಂದು ತಿಳಿದು ಸಂತೋಷವಾಯಿತು. ಆದರೆ "ಕೀನ್ಯಾಕ್ಕೆ ಈಗ ವೀಸಾನೇ ಬೇಡ ಮಾವ, ಮೊಬೈಲಿನಲ್ಲಿ ಹತ್ತು ನಿಮಿಷದ ಕೆಲಸ" ಎಂದು ನೀನು ಫೋನಿನಲ್ಲಿ ಹೇಳಿದ್ದನ್ನು ಕೇಳಿದ ಮೇಲೆ ಇಷ್ಟನ್ನು ಬರೆದು ತಿಳಿಸುವುದೇ ಒಳ್ಳೆಯದೆನಿಸಿತು. 2024ರ ಜನವರಿಯಿಂದ ಕೀನ್ಯಾ ದೇಶವು ವೀಸಾ ಪದ್ಧತಿಯನ್ನು ಕೈಬಿಟ್ಟಿರುವುದು ನಿಜ. ಅದರ ಜಾಗಕ್ಕೆ ಬಂದಿರುವ ಇಟಿಎ ಎಂಬ ವಿದ್ಯುನ್ಮಾನ ಪ್ರಯಾಣ ಅನುಮತಿಯು ಹೊರಡುವ ಮೊದಲೇ ನಿಮ್ಮೆಲ್ಲರ ಕೈಯಲ್ಲಿ ಇರಬೇಕು. ಇಲ್ಲವಾದರೆ ಬಜ್ಪೆ ವಿಮಾನ ನಿಲ್ದಾಣದಿಂದ ಮುಂಬಯಿಯವರೆಗೆ ಹೋಗಿ, ನೈರೋಬಿಯ ವಿಮಾನದ ಕೌಂಟರಿನಿಂದಲೇ ಮರಳಬೇಕಾದೀತು. ಹತ್ತು ನಿಮಿಷ ಹಿಡಿಯುವುದು ಅರ್ಜಿ ತುಂಬುವುದಕ್ಕೆ ಮಾತ್ರ. ಅದಕ್ಕೆ ಮೊದಲು ಮುಗಿಯಬೇಕಾದ ಕೆಲಸಗಳಿಗೆ ವಾರಗಳೇ ಬೇಕು, ಅವುಗಳಲ್ಲಿ ಯಾವುದು ಮೊದಲು ಯಾವುದು ಅನಂತರ ಎಂಬುದೂ ಮುಖ್ಯ.

ಎಲ್ಲಕ್ಕಿಂತ ಮೊದಲು ನಾಲ್ಕು ಪಾಸ್‌ಪೋರ್ಟುಗಳನ್ನೂ ತೆಗೆದು ಅವುಗಳ ಅವಧಿ ನೋಡು. ನೀವು ಅಲ್ಲಿ ಇಳಿಯುವ ದಿನದಿಂದ ಕನಿಷ್ಠ ಆರು ತಿಂಗಳ ಅವಧಿ ಉಳಿದಿರಬೇಕು, ಮುದ್ರೆ ಒತ್ತಲು ಖಾಲಿ ಪುಟವೂ ಇರಬೇಕು. ಮಗುವಿನ ಪಾಸ್‌ಪೋರ್ಟಿಗೆ ಐದೇ ವರ್ಷದ ಆಯುಷ್ಯವೆಂಬುದನ್ನು ತಂದೆತಾಯಂದಿರು ಮರೆಯುವುದು ಸಾಮಾನ್ಯ. ಯಾವುದಾದರೂ ಒಂದನ್ನು ನವೀಕರಿಸಬೇಕಿದ್ದರೆ ಮಂಗಳೂರಿನ ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲಿ ಆ ಕೆಲಸ ಮುಗಿಸಿಕೊಂಡೇ ಮುಂದುವರಿಯಬೇಕು. ಅನುಮತಿಯು ಪಾಸ್‌ಪೋರ್ಟಿನ ಸಂಖ್ಯೆಗೆ ಕಟ್ಟುಬಿದ್ದಿರುವುದರಿಂದ, ಹಳೆಯ ಸಂಖ್ಯೆಗೆ ಪಡೆದದ್ದು ಹೊಸ ಪುಸ್ತಕಕ್ಕೆ ನಡೆಯುವುದಿಲ್ಲ.

ಎರಡನೆಯದು ನೀನು ಫೋನಿನಲ್ಲಿ ಪ್ರಸ್ತಾಪಿಸದೇ ಇದ್ದ ವಿಷಯ, ನನಗೆ ಹೆಚ್ಚು ಚಿಂತೆ ಇರುವುದೂ ಅದರ ಬಗ್ಗೆಯೇ. ಕೀನ್ಯಾ ಹಳದಿ ಜ್ವರವಿರುವ ದೇಶಗಳ ಪಟ್ಟಿಯಲ್ಲಿದೆ. ಮಳೆಗಾಲದಲ್ಲಿ ನಮ್ಮ ಮಂಗಳೂರಿನಲ್ಲಿ ಡೆಂಗಿ ಹರಡುವ ಈಡಿಸ್ ಸೊಳ್ಳೆಯೇ ಆ ಜ್ವರವನ್ನೂ ಹರಡಬಲ್ಲದು. ಸೊಳ್ಳೆ ಇಲ್ಲಿ ಧಾರಾಳವಾಗಿದೆ, ರೋಗ ಮಾತ್ರ ಇನ್ನೂ ಬಂದಿಲ್ಲ. ಹೀಗಾಗಿ ಅಲ್ಲಿಗೆ ಹೋಗುವಾಗಿನ ತಪಾಸಣೆಗಿಂತ ಅಲ್ಲಿಂದ ಮರಳುವಾಗ ನಮ್ಮ ಸರ್ಕಾರ ನಡೆಸುವ ತಪಾಸಣೆಯೇ ಬಿಗಿ. ಲಸಿಕೆಯ ಅಂತರರಾಷ್ಟ್ರೀಯ ಪ್ರಮಾಣಪತ್ರವಿಲ್ಲದೆ ಬಂದಿಳಿದವರನ್ನು ಆರು ದಿನಗಳವರೆಗೆ ಪ್ರತ್ಯೇಕವಾಗಿ ಇರಿಸುವ ಅಧಿಕಾರ ವಿಮಾನ ನಿಲ್ದಾಣದ ಆರೋಗ್ಯಾಧಿಕಾರಿಗಳಿಗಿದೆ. ಲಸಿಕೆ ಹಾಕಿಸಿಕೊಂಡ ಹತ್ತು ದಿನಗಳ ಬಳಿಕವಷ್ಟೇ ಆ ಪ್ರಮಾಣಪತ್ರ ಊರ್ಜಿತವಾಗುತ್ತದೆ, ಒಮ್ಮೆ ಊರ್ಜಿತವಾದರೆ ಜೀವಮಾನಪೂರ್ತಿ ನಡೆಯುತ್ತದೆ. ಯಾವ ಕ್ಲಿನಿಕ್ಕಿನಲ್ಲಾದರೂ ಸಿಗುವ ಚುಚ್ಚುಮದ್ದು ಇದಲ್ಲ. ಸರ್ಕಾರವು ಗುರುತಿಸಿರುವ ಕೇಂದ್ರಗಳಲ್ಲಿ ಮಾತ್ರ, ಮುಂಚಿತವಾಗಿ ದಿನ ಗೊತ್ತುಮಾಡಿಕೊಂಡು, ಪಾಸ್‌ಪೋರ್ಟ್ ಸಹಿತ ಹೋಗಿ ಹಾಕಿಸಿಕೊಳ್ಳಬೇಕು.

ನಿನ್ನ ಅಮ್ಮನಿಗೆ ಅರುವತ್ತು ದಾಟಿದೆ. ಇದು ಜೀವಂತ ವೈರಾಣುವಿನ ಲಸಿಕೆಯಾದುದರಿಂದ ಆ ವಯಸ್ಸಿನವರಲ್ಲಿ ಅಪರೂಪಕ್ಕೆ ತೀವ್ರ ಅಡ್ಡಪರಿಣಾಮಗಳು ಉಂಟಾಗುವ ಸಂಭವ ಚಿಕ್ಕವರಿಗಿಂತ ಹೆಚ್ಚು. ಆದ್ದರಿಂದ ಅವಳ ಔಷಧಿಗಳ ಚೀಟಿಯನ್ನೆಲ್ಲ ತೆಗೆದುಕೊಂಡು ಮೊದಲು ಆಕೆಯನ್ನು ನೋಡುವ ವೈದ್ಯರ ಬಳಿ ಹೋಗು. ಮೊಟ್ಟೆಯ ತೀವ್ರ ಅಲರ್ಜಿ ಇರುವವರಿಗೂ ಈ ಲಸಿಕೆ ಆಗುವುದಿಲ್ಲವಾದ್ದರಿಂದ ಮಗುವಿನ ವಿಷಯದಲ್ಲೂ ಅದನ್ನು ಕೇಳಿಕೋ. ಅಮ್ಮನಿಗೆ ಲಸಿಕೆ ಬೇಡವೆಂದು ವೈದ್ಯರು ಹೇಳಿದರೆ, ಅವಳ ಪ್ರಯಾಣವನ್ನೇ ಮರುಚಿಂತಿಸುವ ಧೈರ್ಯ ನಿನಗಿರಲಿ. ಮಗಳ ಮನೆ ನೋಡುವ ಆಸೆಯಲ್ಲಿ ಅವಳಾಗಿ ಅದನ್ನು ಹೇಳಲಾರಳು. ಇದು ಇತ್ಯರ್ಥವಾಗದೆ ಟಿಕೆಟಿಗೆ ಕೈ ಹಾಕಬೇಡ, ಎಷ್ಟೇ ಅಗ್ಗವಾಗಿ ಕಂಡರೂ.

ಅರ್ಜಿಯ ವಿಚಾರಕ್ಕೆ ಬರುತ್ತೇನೆ. ಕೀನ್ಯಾ ಸರ್ಕಾರದ ಜಾಲತಾಣ ಒಂದೇ: ಇಟಿಎಕೀನ್ಯಾ ಡಾಟ್ ಗೋ ಡಾಟ್ ಕೆಇ. ಹುಡುಕಿದಾಗ ಅದಕ್ಕಿಂತ ಮೇಲೆ, ಅದರಂತೆಯೇ ಕಾಣುವ ಹಲವು ತಾಣಗಳು ಎದುರಾಗುತ್ತವೆ. ಅವು ಖಾಸಗಿಯವರವು, ನೀನೇ ತುಂಬಿದ ವಿವರವನ್ನು ಸರ್ಕಾರದ ತಾಣಕ್ಕೆ ದಾಟಿಸುವುದಕ್ಕೆ ಮನಬಂದಷ್ಟು ಶುಲ್ಕ ಹೇರುತ್ತವೆ. ಸರ್ಕಾರದ ಶುಲ್ಕ ತಲೆಗೆ 30 ಡಾಲರ್, ಜೊತೆಗೆ ಪಾವತಿಯ ಅಲ್ಪ ಖರ್ಚು. ಕಟ್ಟಿದ ಹಣ ಹಿಂದಿರುಗುವುದಿಲ್ಲ. ಕೈಗೂಸಾದರೂ ಮಗುವಿಗೆ ಪ್ರತ್ಯೇಕ ಅನುಮತಿ ಬೇಕೇ ಬೇಕು. ನಿನ್ನ ಬ್ಯಾಂಕ್ ಕಾರ್ಡಿನಲ್ಲಿ ವಿದೇಶಿ ವ್ಯವಹಾರವನ್ನು ನೀನೇ ಚಾಲನೆ ಮಾಡಿರದಿದ್ದರೆ ಹಣ ಪಾವತಿಯಾಗದು, ಅದನ್ನು ಹಿಂದಿನ ದಿನವೇ ಸರಿಪಡಿಸಿಕೋ. ಅರ್ಜಿ ಇತ್ಯರ್ಥವಾಗಲು ಸಾಮಾನ್ಯವಾಗಿ ಮೂರು ಕೆಲಸದ ದಿನಗಳು ಎನ್ನುತ್ತಾರೆ, ಆದರೂ ಯುದ್ಧಕಾಲದಲ್ಲಿ ಶಸ್ತ್ರಾಭ್ಯಾಸ ಬೇಡ. ಎರಡು ಮೂರು ವಾರ ಮುಂಚಿತವಾಗಿಯೇ ಸಲ್ಲಿಸು.

ಏಜೆಂಟರ ಕೈಗೆ ಕೊಡುವುದು ನನಗೆ ಒಪ್ಪಿಗೆಯಿಲ್ಲ. ಹಣದ ಮಾತು ಒತ್ತಟ್ಟಿಗಿರಲಿ, ಆ ಅರ್ಜಿಯೆಂದರೆ ಪರದೇಶದ ಸರ್ಕಾರದ ಮುಂದೆ ನೀನು ನಿನ್ನ ಹೆಸರಿನಲ್ಲಿ ಕೊಡುವ ಹೇಳಿಕೆ. ಅದರೊಳಗೆ ಏನಿದೆಯೆಂದು ನೈರೋಬಿಯ ಅಧಿಕಾರಿ ಕೇಳಿದಾಗ ಉತ್ತರಿಸಬೇಕಾದವನು ನೀನು. ಉಳಿಯುವ ಜಾಗ ತೋರಿಸಲೆಂದು ಹೋಟೆಲನ್ನು ಕಾದಿರಿಸಿ, ಅನುಮತಿ ಬಂದ ಕೂಡಲೇ ರದ್ದುಮಾಡುವ ಉಪಾಯವನ್ನು ಯಾರಾದರೂ ಹೇಳಿಕೊಟ್ಟಾರು. ಇರಲು ಸ್ವಂತ ತಂಗಿಯ ಮನೆಯೇ ಇರುವಾಗ ಆ ಸುಳ್ಳಿನ ಅಗತ್ಯವೇನು? ಅವಳಿಂದ ಒಂದು ಆಮಂತ್ರಣ ಪತ್ರವನ್ನೂ ಅವಳ ಅಲ್ಲಿನ ಗುರುತಿನ ದಾಖಲೆಯ ಪ್ರತಿಯನ್ನೂ ತರಿಸಿಕೋ, ಭೇಟಿಯ ಉದ್ದೇಶದ ಮುಂದೆ ಬಂಧುಗಳ ಭೇಟಿ ಎಂದೇ ನಮೂದಿಸು.

ಹೆಸರುಗಳನ್ನು ಪಾಸ್‌ಪೋರ್ಟಿನಲ್ಲಿ ಇರುವಂತೆಯೇ ತುಂಬು. ನಮ್ಮ ಕಡೆ ಒಬ್ಬರ ಕೊನೆಗೆ ರಾವ್, ಇನ್ನೊಬ್ಬರ ಕೊನೆಗೆ ಊರು, ಮತ್ತೊಬ್ಬರಿಗೆ ಬರೀ ಇನಿಶಿಯಲ್. ಒಂದೇ ಮನೆಯವರದ್ದೂ ಹೊಂದುವುದಿಲ್ಲ. ಮನೆಯಲ್ಲಿ ಕರೆಯುವ ರೂಢಿಯನ್ನು ನೋಡದೆ, ಪುಟದ ಕೆಳಗೆ ಯಂತ್ರ ಓದುವ ಎರಡು ಸಾಲುಗಳನ್ನು ನೋಡು. ಸಂಖ್ಯೆಯಲ್ಲಿ ಸೊನ್ನೆಗೂ ಓ ಅಕ್ಷರಕ್ಕೂ ಗಲಿಬಿಲಿಯಾಗದಂತೆ, ದಿನಾಂಕದಲ್ಲಿ ದಿನ ಮತ್ತು ತಿಂಗಳು ಅದಲುಬದಲಾಗದಂತೆ ಎಚ್ಚರವಹಿಸು. ನೀನು ತುಂಬಿದ್ದನ್ನು ನಿನ್ನ ಹೆಂಡತಿ ಒಮ್ಮೆ ಗಟ್ಟಿಯಾಗಿ ಓದಿ ಹೇಳಲಿ, ನೀನು ಪಾಸ್‌ಪೋರ್ಟ್ ಹಿಡಿದು ತಾಳೆ ನೋಡು.

ಈ ಅನುಮತಿ ಸಿಕ್ಕಿತೆಂದು ಪ್ರವೇಶ ಖಾತ್ರಿಯಾಯಿತೆಂದು ತಿಳಿಯಬೇಡ, ಕೊನೆಯ ಮಾತು ಅಲ್ಲಿನ ವಲಸೆ ಅಧಿಕಾರಿಯದೇ. ಹಾಗೆಯೇ ಇಲ್ಲಿ ಕಲಿತದ್ದನ್ನು ಬೇರೆ ದೇಶಕ್ಕೆ ಅನ್ವಯಿಸಲೂ ಬೇಡ. ಬ್ರಿಟನ್ನಿನಲ್ಲೂ ಆಸ್ಟ್ರೇಲಿಯಾದಲ್ಲೂ ಇಟಿಎ ಎಂಬ ಇದೇ ಹೆಸರಿನ ವ್ಯವಸ್ಥೆ ಇದೆ, ಆದರೆ ಭಾರತದ ಪಾಸ್‌ಪೋರ್ಟಿಗೆ ಅಲ್ಲಿ ವೀಸಾವೇ ಬೇಕು.

ಇನ್ನೊಂದು ಮಾತು ನಿನ್ನ ಅಮ್ಮನಿಗೆ. ಕೀನ್ಯಾದಲ್ಲಿ 2017ರಿಂದ ಪ್ಲಾಸ್ಟಿಕ್ ಕೈಚೀಲಗಳಿಗೆ ನಿಷೇಧವಿದೆ. ಮಗಳಿಗೆಂದು ಅವಳು ಕಟ್ಟುವ ಹಪ್ಪಳ ಸಂಡಿಗೆಗಳು ಬಟ್ಟೆಯ ಚೀಲದಲ್ಲೋ ಡಬ್ಬಿಯಲ್ಲೋ ಹೋಗಲಿ.

ಅನುಮತಿ ಬಂದ ಮೇಲೆ ತಲಾ ಎರಡು ಪ್ರತಿ ಮುದ್ರಿಸು. ಅಮ್ಮನದನ್ನು ಲಸಿಕೆಯ ಪ್ರಮಾಣಪತ್ರವಾದ ಹಳದಿ ಪುಸ್ತಕದೊಂದಿಗೆ ಅವಳ ಕೈಚೀಲದಲ್ಲೇ ಇಡು. ಎಲ್ಲರದೂ ನಿನ್ನ ಮೊಬೈಲಿನಲ್ಲಿದ್ದು, ಅದರ ಚಾರ್ಜ್ ಮುಗಿದರೆ ನಾಲ್ವರೂ ಸಾಲಿನಲ್ಲಿ ನಿಲ್ಲಬೇಕಾಗುತ್ತದೆ. ವೈದ್ಯರು ಏನೆಂದರು ಎಂಬುದನ್ನು ಮಾತ್ರ ಈ ವಾರದೊಳಗೆ ನನಗೆ ತಿಳಿಸು.

ಇಂತಿ ಆಶೀರ್ವಾದಗಳೊಂದಿಗೆ,
ನಿನ್ನ ಸೋದರಮಾವ