ನಾಲ್ಕು ಡಬ್ಬಿ ಪುಡಿ, ಎರಡು ಕಚೇರಿ

ಮಾನ್ಯರೇ,

ಭಾನುವಾರ ಕುವೆಂಪುನಗರದ ಛತ್ರದಲ್ಲಿ ನಡೆದ ‘ಆ್ಯಂಟಿ ಆಕ್ಸಿಡಂಟ್ ಶಿಬಿರ’ದ ಸುದ್ದಿಯನ್ನು ಫೋಟೊ ಸಮೇತ ಹಾಕಿದ್ದೀರಿ. ಕ್ಯಾನ್ಸರ್ ಕೋಶ ಬೆಳೆಯದಂತೆ ತಡೆಯುವ ಪುಡಿಯಂತೆ! ಆ ಸುದ್ದಿ ನಮ್ಮ ಮನೆಗೆ ಮಾಡಿದ ಉಪಕಾರ ಕೇಳಿ.

ನಮ್ಮ ಮನೆಯವರಿಗೆ ಕ್ಯಾನ್ಸರಿಗೆ ರೇಡಿಯೇಷನ್ ನಡೆಯುತ್ತಿದೆ. ಶಿಬಿರದ ಮೈಕಿನ ದೆಸೆಯಿಂದ ಭಾನುವಾರವಿಡೀ ಅವರಿಗೆ ಕಣ್ಣು ಮುಚ್ಚಲಾಗಲಿಲ್ಲ. ಸೋಮವಾರದಿಂದ ಡಬ್ಬಿಗಳ ಮೆರವಣಿಗೆ. ಭಾಮೈದನದು ಒಂದು, ಎದುರು ಮನೆಯವರದು ಎರಡು, ಶ್ರೀರಂಗಪಟ್ಟಣದಿಂದ ಬಸ್ಸಿನಲ್ಲಿ ನಿಂತುಕೊಂಡೇ ಬಂದ ದೊಡ್ಡಮ್ಮನದು ಒಂದು. ಡಬ್ಬಿಗೆ 2,400 ರೂಪಾಯಿ. ಬಂದವರಿಗೆಲ್ಲ ಕಾಫಿ ಕಾಸುವವನು ನಾನು. ಬೇಡ ಎಂದರೆ ‘ಪೇಪರಲ್ಲೇ ಬಂದಿದೆಯಲ್ಲ ಭಾವ’ ಎಂದು ಭಾಮೈದ ಮುಖ ಗಂಟಿಕ್ಕಿಕೊಂಡು ಹೋದ, ಇವತ್ತಿಗೂ ಫೋನ್ ಎತ್ತುತ್ತಿಲ್ಲ.

ಡಬ್ಬಿ ಹಿಡಿದು ಡಾಕ್ಟರ ಹತ್ತಿರ ಹೋದೆ. ಅರ್ಧ ದಿನ ಹೋಯಿತು. ರೇಡಿಯೇಷನ್ ಕಿರಣಗಳು ಬಹುಮಟ್ಟಿಗೆ, ಸುತ್ತಲಿನದನ್ನು ಕೆಡಿಸುವ ಚುರುಕು ಕಣಗಳಾದ ಫ್ರೀ ರ‍್ಯಾಡಿಕಲ್‌ಗಳನ್ನು ಎಬ್ಬಿಸಿಯೇ ಕ್ಯಾನ್ಸರ್ ಕೋಶವನ್ನು ಕೊಲ್ಲುವುದು, ಅವನ್ನೇ ಅಡಗಿಸುವ ಈ ಆ್ಯಂಟಿ ಆಕ್ಸಿಡಂಟ್ ಪುಡಿಯನ್ನು ಈಗ ಮುಟ್ಟಲೇಬೇಡಿ ಎಂದರು. ಒಲೆಗೆ ನೀರು ಹೊಯ್ದು ಅನ್ನ ಬೇಯಲಿಲ್ಲ ಎಂದ ಹಾಗಾದೀತು! ಲ್ಯಾಬಿನ ಗಾಜಿನ ತಟ್ಟೆಯಲ್ಲಿ ಇಂಥ ಪುಡಿಗಳಲ್ಲಿರುವ ಅರಿಶಿನದ ಸಾರ ಬಿಟ್ಟರೆ ಕ್ಯಾನ್ಸರ್ ಕೋಶಗಳ ಬೆಳವಣಿಗೆ ಕುಗ್ಗುತ್ತದಂತೆ, ಆದರೆ ಬಾಯಿಂದ ನುಂಗಿದ್ದರಲ್ಲಿ ರಕ್ತಕ್ಕೆ ಸೇರುವುದು ಚೂರುಪಾರು. ಫಿನ್ಲೆಂಡಿನಲ್ಲಿ ಸಿಗರೇಟು ಸೇದುವ 29,133 ಗಂಡಸರ ಮೇಲೆ ಪ್ರಯೋಗ ಮಾಡಿದಾಗ, ಬೀಟಾ ಕ್ಯಾರೊಟಿನ್ ಎಂಬ ಇನ್ನೊಂದು ಆ್ಯಂಟಿ ಆಕ್ಸಿಡಂಟ್ ಮಾತ್ರೆ ನುಂಗಿದವರಿಗೇ ಶ್ವಾಸಕೋಶದ ಕ್ಯಾನ್ಸರ್ ಶೇ 18ರಷ್ಟು ಹೆಚ್ಚು ಬಂತು. ಇದು 1994ರಲ್ಲೇ ಅಚ್ಚಾದ ಸಂಗತಿ. ನಿಮ್ಮ ವರದಿಗಾರರು ಇನ್ನೂ ಅಲ್ಲಿಗೆ ತಲುಪಿಲ್ಲ ಅಂತ ಕಾಣುತ್ತೆ. ಸಿಎಫ್‌ಟಿಆರ್‌ಐ ಎಂಬ ಕೇಂದ್ರ ಆಹಾರ ಸಂಶೋಧನಾ ಸಂಸ್ಥೆ 1950ರಿಂದ ಇದೇ ಊರಲ್ಲಿದೆ, ಸಿಟಿ ಬಸ್ಸು ಹತ್ತಿದ್ದರೆ ಸಾಕಿತ್ತು.

ಕ್ಯಾನ್ಸರ್ ವಾಸಿ ಮಾಡುತ್ತೇವೆಂದು ಜಾಹೀರಾತು ಕೊಡುವುದಕ್ಕೆ 1954ರ ಕಾಯ್ದೆಯಲ್ಲೇ ನಿಷೇಧವಿದೆ. ದೂರು ಕೊಡಲು ಹೋದೆ. ಒಂದು ಕಚೇರಿಯವರು ‘ಇದು ಆಹಾರ, ಅಲ್ಲಿಗೆ ಹೋಗಿ’ ಎಂದರು. ಅಲ್ಲಿಯವರು ‘ಇದು ಔಷಧ, ಇಲ್ಲಿಗ್ಯಾಕೆ ಬಂದ್ರಿ’ ಎಂದರು. ಊಟದ ಹೊತ್ತು ಬೇರೆ. ನಮ್ಮ ಬೀದಿಯ ಒಳಚರಂಡಿ (ಯುಜಿಡಿ) ಉಕ್ಕಿದಾಗಲೂ ಇದೇ ಕಥೆ. ಮ್ಯಾನ್‌ಹೋಲ್ ಒಬ್ಬರದಂತೆ, ಉಕ್ಕಿದ ನೀರು ಇನ್ನೊಬ್ಬರದಂತೆ! ಮೂರು ವರ್ಷದ ಹಿಂದಿನ ಅರ್ಜಿ ಇನ್ನೂ ‘ಪರಿಶೀಲನೆಯಲ್ಲಿದೆ’. ಬೀದಿ ದೀಪದ ವಿಷಯ ತೆಗೆದರೆ ನೀವು ಈ ಪತ್ರವನ್ನೇ ಹಾಕಲಿಕ್ಕಿಲ್ಲ. ದಸರಾ ಬಂದರೆ ಮಾತ್ರ ಇವರಿಗೆಲ್ಲ ಎಚ್ಚರ.

ಸಂಬಂಧಪಟ್ಟವರು, ಅವರು ಯಾರೇ ಆಗಿರಲಿ, ಕೂಡಲೇ ಕ್ರಮ ಕೈಗೊಳ್ಳಬೇಕು. ಹಾಗೆಯೇ ಛತ್ರದ ಮೈಕನ್ನೂ ನಿಲ್ಲಿಸಬೇಕು. ನೀವೂ ಒಂದು ತಿದ್ದುಪಡಿ ಹಾಕಿ, ಭಾಮೈದನಿಗೆ ತೋರಿಸಬೇಕು. ನಾಲ್ಕು ಡಬ್ಬಿಗಳೂ ಸೀಲ್ ಒಡೆಯದೆ ನಮ್ಮ ಮನೆಯಲ್ಲೇ ಇವೆ. ಆಹಾರವೋ ಔಷಧವೋ ತೀರ್ಮಾನವಾದ ಮೇಲೆ ಆಯಾ ಸಾಹೇಬರು ಬಂದು ತೆಗೆದುಕೊಂಡು ಹೋಗಲಿ, ಕಾಫಿ ಮಾತ್ರ ಕೇಳಬಾರದು.

– ನೊಂದ ಓದುಗ, ಕುವೆಂಪುನಗರ, ಮೈಸೂರು