ಬಚ್ಚಲ ನೊಣಕ್ಕೆ ಆಸಿಡ್ ಸುರಿಯಬೇಡಿ

ಸಂಪಾದಕರೇ,

ಹೋದ ವಾರ ನಮ್ಮ ವಠಾರದ ಹುಡುಗಿಯೊಬ್ಬಳು ಬಚ್ಚಲಿಗೆ ಬ್ಲೀಚಿಂಗ್ ಪೌಡರ್ ಹಾಕಿ, ಅದರ ಮೇಲೆ ಆಸಿಡ್ ಸುರಿದಳು. ಎರಡೂ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ ಅಂತ ಅವಳಿಗೆ ಗೊತ್ತಿರಲಿಲ್ಲ. ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು ಸುರಿಸುತ್ತಾ ಹೊರಗೆ ಓಡಿ ಬಂದಳು. ಎರಡು ದಿನ ಗಂಟಲು ಉರಿ. ಇಷ್ಟೆಲ್ಲ ಆಗಿದ್ದು ಗೋಡೆ ಮೇಲೆ ಕೂರುವ ಪುಟ್ಟ ಕಪ್ಪು ನೊಣಕ್ಕಾಗಿ.

ಅದು ಸೊಳ್ಳೆಮರಿ ಅಂತ ಅವಳ ಭಯ. ಅಲ್ಲವೇ ಅಲ್ಲ. ಬಚ್ಚಲ ನೊಣ ಕಚ್ಚುವುದಿಲ್ಲ, ಡೆಂಗಿ ಹರಡುವುದಿಲ್ಲ. ಕಾಲಾ ಅಜಾರ್ ಎಂಬ ಜ್ವರ ಹರಡುವ ಮರಳು ನೊಣ ಇದರ ಬಳಗದ್ದೇ, ಆದರೆ ಅದು ಬೇರೆ. ನಾನು ಹೊಲಿಗೆಯವಳು. ಸೂಜಿ ಪೋಣಿಸಲು ಇಟ್ಟುಕೊಂಡ ಭೂತಗನ್ನಡಿಯಲ್ಲಿ ಒಂದನ್ನು ನೋಡಿದೆ. ಎಳ್ಳಿನಷ್ಟು ಗಾತ್ರ. ರೆಕ್ಕೆ ಎರಡೂ ಸೇರಿದರೆ ಅರಳಿ ಎಲೆಯ ಆಕಾರ, ಅಂಚಿನಲ್ಲಿ ಬಿಳಿ ಚುಕ್ಕೆ, ಮೈತುಂಬ ರೋಮ. ಮುಟ್ಟಿದರೆ ಬೆರಳಿಗೆ ಬೂದಿಯಂಥ ಪುಡಿ. ದೂರ ಹಾರಲು ಬರುವುದಿಲ್ಲ. ಹಾಗಾಗಿ ಕಂಡ ಕಡೆಯ ಹತ್ತಿರದಲ್ಲೇ ಹುಟ್ಟಿದೆ ಅಂತ ಲೆಕ್ಕ.

ಹುಟ್ಟುವುದು ಪೈಪಿನ ಒಳಗೋಡೆಗೆ ಅಂಟಿದ ಲೋಳೆಯಲ್ಲಿ. ಸೋಪು, ಕೂದಲು, ಕೊಳೆ ಸೇರಿ ಕಟ್ಟಿಕೊಂಡ ಲೋಳೆ. ಮೊಟ್ಟೆ ಸುಮಾರು 2 ದಿನಕ್ಕೆ ಒಡೆಯುತ್ತದೆ. ಮರಿಹುಳು ಬಾಲದ ತುದಿಯ ಕೊಳವೆಯಿಂದ ಉಸಿರಾಡುತ್ತಾ 10–15 ದಿನ ಆ ಲೋಳೆಯನ್ನೇ ತಿನ್ನುತ್ತದೆ. ಕೊಳಚೆ ನೀರು ಶುದ್ಧ ಮಾಡುವ ಘಟಕಗಳ ಕಲ್ಲಿನ ಹಾಸಿನಲ್ಲೂ ಇವು ಇದೇ ಕೆಲಸ ಮಾಡುತ್ತವೆ, ಪಾಪ. ಫಿನಾಯಿಲು, ಬಿಸಿನೀರು ಮೇಲಿಂದ ಜಾರಿ ಹೋಗುತ್ತವೆ. ಹುಳು ಲೋಳೆಯೊಳಗೆ ಹಾಯಾಗಿರುತ್ತದೆ.

ಎಲ್ಲಿಂದ ಬರುತ್ತಿವೆ ಅಂತ ತಿಳಿಯಲು ನಾನು ರಾತ್ರಿ ಬಚ್ಚಲು, ಸಿಂಕುಗಳ ನೀರು ಹೋಗುವ ತೂತಿನ ಜಾಲರಿಯ ಮೇಲೆ ಅಂಟುಪಟ್ಟಿಯನ್ನು ಅಂಟು ಕೆಳಗಿರುವಂತೆ, ನಡುವೆ ಸಂದಿ ಬಿಟ್ಟು ಹಾಕಿದೆ. ಬೆಳಿಗ್ಗೆ ಬಚ್ಚಲ ಜಾಲರಿಯಲ್ಲಿ 11 ನೊಣ ಅಂಟಿದ್ದವು, ಅಡುಗೆಮನೆ ಸಿಂಕಿನಲ್ಲಿ ಒಂದೂ ಇಲ್ಲ. ಜಾಲರಿ ಎತ್ತಿ, ಹಾಲಿನ ಬಾಟಲಿ ತೊಳೆಯುವ ಹಳೇ ಬ್ರಷ್‌ನಿಂದ ಒಳಗೆಲ್ಲ ಉಜ್ಜಿದೆ. ಕಪ್ಪು ಲೋಳೆ ಮುದ್ದೆಯಾಗಿ ಬಂತು, ಅದರಲ್ಲಿ ನೂಲಿನ ತುಂಡಿನಂಥ ಹುಳುಗಳು ಹೊರಳುತ್ತಿದ್ದವು. ವಾರಕ್ಕೆ ಎರಡು ಸಲದಂತೆ 3 ವಾರ ಉಜ್ಜಿದೆ. ಈಗ ಒಂದೂ ಇಲ್ಲ.

ಆ ಹುಡುಗಿಗೂ ಹೇಳಿಕೊಡೋಣ ಅಂತ ಹೋದೆ. ಅವಳ ಬಚ್ಚಲಿನ ಜಾಲರಿಗೆ ಸುತ್ತಲೂ ಸಿಮೆಂಟ್ ಮೆತ್ತಿದ್ದಾರೆ, ಎತ್ತಲು ಬರುವುದೇ ಇಲ್ಲ. ಬಾಡಿಗೆಯವರು ಒಡೆಯುವ ಹಾಗೂ ಇಲ್ಲ. ಆಸಿಡ್ ಬಿಟ್ಟು ಅವಳಿಗೆ ಬೇರೆ ದಾರಿ ಏನಿತ್ತು ಹೇಳಿ? ಮನೆ ಕಟ್ಟಿಸುವವರು, ಬಾಡಿಗೆಗೆ ಕೊಡುವವರು ದಯವಿಟ್ಟು ಜಾಲರಿಯನ್ನು ತೆಗೆದು ಹಾಕಲು ಬರುವ ಹಾಗೆ ಕೂರಿಸಿ.

— ಒಬ್ಬ ಓದುಗಳು, ತುಮಕೂರು